ಮೀನಖಂಡ

ಹೊರಗಾಗುವುದು ನಿಂತು ಎರಡು ವರ್ಷ.
ಈಗ ಹೊರಗಿರುವುದು ಊರಿನಿಂದ ಮಾತ್ರ.
ಮುಹರ್ರಕ್‌ನ ಆಸ್ಪತ್ರೆಯ ದೋಬಿಖಾನೆಯಲ್ಲಿ
ದಿನಕ್ಕೆ ಇನ್ನೂರು ಹಾಸುಬಟ್ಟೆ ಮಡಚುತ್ತೇನೆ.
ಇಸ್ತ್ರಿಯಂತ್ರದ ಉರಿ, ಆಗಸ್ಟಿನ ಉರಿ,
ಮೂರನೆಯದು ನನ್ನೊಳಗಿನದು:
ಎದೆಯಿಂದ ಹೊರಟು ಕತ್ತು ಹತ್ತಿ ಕಿವಿಯವರೆಗೆ,
ಹಾಲು ಉಕ್ಕಿದ ಹಾಗೆ. ಒಲೆ ಆರಿಸುವವರಿಲ್ಲ.

ಔಷಧಿಯಂಗಡಿಯ ಇನಾಸ್ ಈಜಿಪ್ಟಿನವಳು.
ಡಾಕ್ಟರಮ್ಮ ಬರೆದ ಡಬ್ಬಿಯನ್ನು ಗಾಜಿನ ಮೇಲಿಟ್ಟು
ಮುರುಕು ಹಿಂದಿಯಲ್ಲಿ ಒಂದಿಷ್ಟು, ಮಿಕ್ಕಿದ್ದನ್ನು ಕೈಯಲ್ಲಿ ಹೇಳಿದಳು.
ಹೊಕ್ಕುಳ ಕೆಳಗೆ ಅಂಟಿಸು. ಎದೆಯ ಮೇಲೆ ಬೇಡ, ಬೇಡವೇ ಬೇಡ.
ಭಾನುವಾರ ಎಡಕ್ಕೆ, ಬುಧವಾರ ರಾತ್ರಿ ಬಲಕ್ಕೆ;
ಅದೇ ಜಾಗಕ್ಕೆ ಮತ್ತೆ ಹೋದರೆ ಚರ್ಮ ಮುನಿಸಿಕೊಳ್ಳುತ್ತದೆ.
"ಗರ್ಭಕೋಶ ಇದೆಯಾ?" ಎಂದು ಕೇಳಿದಳು,
ಮನೆಯಲ್ಲಿ ಫ್ರಿಜ್ ಇದೆಯಾ ಎಂದು ಕೇಳುವವಳ ಹಾಗೆ.
ಇದೆ ಎಂದೆ. ಹಾಗಾದರೆ ಇದೂ ಎಂದು
ಇನ್ನೊಂದು ಡಬ್ಬಿಯ ಮೇಲೆ ಪೆನ್ನಿನಲ್ಲಿ ಚಂದ್ರನ ಬಿಡಿಸಿದಳು:
ರಾತ್ರಿಯ ಗುಳಿಗೆ. ಇದನ್ನು ಬಿಟ್ಟರೆ
ಒಳಗೋಡೆ ದಪ್ಪವಾಗಿ ಕೆಡುಕಿಗೆ ಜಾಗವಾಗುತ್ತದೆ.
ಸುಮ್ಮನೆ ರಕ್ತ ಕಂಡರೆ ಸುಮ್ಮನಿರಬೇಡ.

ಆಮೇಲೆ ಮೇಜಿನ ಹಿಂದಿನಿಂದ ಬಂದು, ಬಗ್ಗಿ,
ತನ್ನದೇ ಮೀನಖಂಡ ಹಿಸುಕಿ ತೋರಿಸಿದಳು.
ಒಂದೇ ಕಾಲು ಊದಿದರೆ, ಕಾದರೆ, ನೊಂದರೆ,
ಎದೆ ಚುಚ್ಚಿ ಉಸಿರು ಸಿಗದಿದ್ದರೆ,
ಮಾತು ತೊದಲಿದರೆ, ಕಣ್ಣು ಮಸುಕಾದರೆ
ನಾಳೆ ಅಲ್ಲ. ಡ್ಯೂಟಿ ಮುಗಿಸಿ ಅಲ್ಲ. ಆಗಲೇ.

ಕಾಲಿನೊಳಗೊಂದು ಮೀನಿದೆ ಎಂದು
ನಮ್ಮ ಭಾಷೆಗೆ ಮೊದಲೇ ಗೊತ್ತಿತ್ತು.
ಈಗ ಪ್ರತಿ ರಾತ್ರಿ ಅದನ್ನು ತಡವಿ ನೋಡುತ್ತೇನೆ:
ಮಲಗಿದೆಯಾ? ಸರಿ, ಮಲಗು.

ಮೊದಲ ತಿಂಗಳು ಎದೆ ರವಿಕೆಯನ್ನು ಸಹಿಸಲಿಲ್ಲ.
ಬೆಳಿಗ್ಗೆ ಓಕರಿಕೆ; ಐವತ್ತೆರಡರಲ್ಲಿ ಬಸುರಿಯ ನಾಟಕ.
ಒಂದು ಸಲ ಬೆವರಿಗೆ ಪಟ್ಟಿ ಕಳಚಿ
ಯಾರದೋ ಹಾಸುಬಟ್ಟೆಗೆ ಅಂಟಿಕೊಂಡು ಹೋಯಿತು.
ಮೂರನೇ ತಿಂಗಳಿಗೆ ನಿದ್ದೆ ಬಂತು,
ದೊಡ್ಡಮ್ಮ ಬಂದ ಹಾಗೆ, ಚೀಲ ಸಮೇತ, ಉಳಿದುಕೊಳ್ಳಲು.

ಎವ್ಲಿನ್ ನೋಡುತ್ತಿದ್ದಳು ಮೇಲಿನ ಮಂಚದಿಂದ.
ಒಂದು ಕೋಣೆ, ನಾಲ್ವರು. ಉಪ್ಪಿನಕಾಯಿ, ತೆಂಗಿನೆಣ್ಣೆ, ಚಾರ್ಜರು,
ತಲೆನೋವಿನ ಮಾತ್ರೆ, ಊರಿನ ಸಾವಿನ ಸುದ್ದಿ:
ಯಾವುದಕ್ಕೂ ಇಲ್ಲಿ ಒಡೆಯರಿಲ್ಲ.
"ನಂಗೂ ಉರೀತದೆ ಮಾರಾಯ್ತಿ, ಒಂದು ಪಟ್ಟಿ ಕೊಡು.
ಅರ್ಧ ಕತ್ತರಿಸಿಯಾದ್ರೂ ಕೊಡು."
ನನ್ನ ಕೈ ಡಬ್ಬಿಯತ್ತ ಹೋಗಿಯೂ ಆಗಿತ್ತು.
ಆಗ ನೆನಪಾಯಿತು, ಅವಳೇ ಒಮ್ಮೆ ದಿಂಬಿನ ಚೀಲ ತಿರುವುತ್ತ ಹೇಳಿದ್ದು:
ಎರಡನೇ ಬಾಣಂತನದಲ್ಲಿ ಎಡಗಾಲು ಬಾಳೆದಿಂಡಿನಷ್ಟಾಗಿ,
ಒಳಗೆ ರಕ್ತ ಹೆಪ್ಪುಗಟ್ಟಿ, ಹೊಟ್ಟೆಗೆ ನಲವತ್ತು ದಿನ ಸೂಜಿ.

ಕೊಡುವುದಿಲ್ಲ ಎಂದೆ.
ಹನ್ನೊಂದು ವರ್ಷದಲ್ಲಿ ಅವಳಿಗೆ ನಾನಂದ ಮೊದಲ ಇಲ್ಲ.
ಮೂರು ದಿನ ತನ್ನ ಬೂತಾಯಿ ಸಾರು ತನಗಷ್ಟೇ ಮಾಡಿಕೊಂಡಳು.
ಬೈಗುಳವೆಲ್ಲ ಪಾತ್ರೆಯ ಸದ್ದಿನಲ್ಲಿತ್ತು.

ರಜೆಯ ದಿನ ಎಳೆದುಕೊಂಡು ಹೋದೆ.
ಕಾಲಿನ ಕತೆ ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.
ನಿನಗಿದು ಬೇಡ, ಹಾರ್ಮೋನಿಲ್ಲದ ಬೇರೆ ದಾರಿಯಿದೆ ಎಂದರು.
ಬಸ್ಸಿಗೆ ಕಾಯುವಾಗ ಎವ್ಲಿನ್ ಮಾತಾಡಲಿಲ್ಲ.
ಪ್ಯಾಂಟು ಮೊಣಕಾಲಿಗೆ ಏರಿಸಿ ಎರಡೂ ಕಾಲು ಜೋಡಿಸಿ ನಿಂತಳು.
"ನೋಡು, ಎಡದ್ದು ಇನ್ನೂ ಒಂಚೂರು ದಪ್ಪ" ಎಂದಳು,
ನಾನೇ ಅದನ್ನು ಮರೆತವಳ ಹಾಗೆ.

ಆ ರಾತ್ರಿ ಏಸಿಯ ಎದುರಿನ ನನ್ನ ಮಂಚ ಅವಳಿಗೆ ಕೊಟ್ಟೆ.
ಕೊಡಬಹುದಾದದ್ದು ಅದೇ ಇತ್ತು.
ಮೇಲೆ, ಸೂರಿನ ಕಾವು ಮೂಗಿಗೆ ತಾಗುವಷ್ಟು ಹತ್ತಿರ.
ಇಂದು ಬುಧವಾರ. ಬಲಕ್ಕೆ.
ಹಳೆಯದನ್ನು ಅಂಟು ಒಳಗಾಗುವಂತೆ ಮಡಚುತ್ತೇನೆ.
ಮಡಚುವುದು ಈ ಕೈಗೆ ಬರುತ್ತದೆ.